ಮೊದಲು ಅವರು ಮುಗಿಸಲಿ

ನಮ್ಮ ಮೆಡಿಸಿನ್ ಮೇಷ್ಟ್ರು ತೀರಿಕೊಂಡ ಸುದ್ದಿ ಬಂದ ರಾತ್ರಿ ಬ್ಯಾಚ್‌ನ ವಾಟ್ಸಾಪ್ ಗುಂಪಿನಲ್ಲಿ ಯಾರೂ ಮಲಗಲಿಲ್ಲ. ಬೆಳಗಾಗುವವರೆಗೂ ಒಬ್ಬರಾದ ಮೇಲೆ ಒಬ್ಬರು ಬರೆಯುತ್ತಲೇ ಇದ್ದರು. ಲೆಕ್ಚರ್ ಹಾಲ್‌ನಲ್ಲಿ ಅವರು ಮಾಡಿದ ಒಂದು ಪಾಠವನ್ನೂ ಯಾರೂ ನೆನೆಯಲಿಲ್ಲ. ಎಲ್ಲರ ನೆನಪೂ ವಾರ್ಡಿನದ್ದೇ. ಯಾವುದೋ ಬೆಡ್, ಅದರ ಮೇಲೆ ಯಾವುದೋ ಅಜ್ಜಿ, ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡು ಕೂತ ಮೇಷ್ಟ್ರು.

ಅವರು ಪೇಷಂಟ್ ಜೊತೆ ನಿಂತು ಮಾತಾಡಿದ್ದನ್ನು ನಾನು ನೋಡಿಲ್ಲ. ರೌಂಡ್ಸ್‌ನಲ್ಲಿ ಎಷ್ಟೇ ಆತುರವಿದ್ದರೂ ಕೂರುತ್ತಿದ್ದರು. "ಮಲಗಿರೋರಿಗೆ ನಾವು ಹೇಗೆ ಕಾಣ್ತೀವಿ ಅಂತ ಯೋಚನೆ ಮಾಡಿದ್ದೀರಾ? ನಿಂತಿದ್ರೆ ಇವರು ಹೊರಟರು ಅಂತ ಅರ್ಧ ಹೇಳಿ ಬಿಟ್ಟುಬಿಡ್ತಾರೆ" ಎನ್ನುತ್ತಿದ್ದರು. ಮೊದಲ ಕ್ಲಿನಿಕಲ್ ಪೋಸ್ಟಿಂಗ್‌ಗೆ ಬಂದಾಗ ನಮ್ಮ ಏಪ್ರನ್ ಜೇಬಿನಲ್ಲಿ ಪ್ರಶ್ನೆಗಳ ಉದ್ದ ಪಟ್ಟಿ ಇರುತ್ತಿತ್ತು. ನೋವು ಎಲ್ಲಿ, ಎಷ್ಟು ದಿನದಿಂದ, ಬೆನ್ನಿಗೆ ಹರಿಯುತ್ತಾ, ಊಟಕ್ಕೆ ಮುಂಚೆಯೋ ಆಮೇಲೋ. ಪೇಷಂಟ್ ಬಾಯಿ ತೆರೆಯುವ ಮುಂಚೆಯೇ ನಾವು ಎರಡನೇ ಪ್ರಶ್ನೆಗೆ ಹೋಗಿರುತ್ತಿದ್ದೆವು. ಮೇಷ್ಟ್ರು ಹಿಂದಿನಿಂದ ಬಂದು ಭುಜದ ಮೇಲೆ ಕೈ ಇಡುತ್ತಿದ್ದರು. "ಪೆನ್ನು ಒಳಗಿಡು. ಮೊದಲು ಅವರು ಮುಗಿಸಲಿ."

ಹೀಗೆ ಬಿಟ್ಟರೆ ಜನ ಗಂಟೆಗಟ್ಟಲೆ ಮಾತಾಡುತ್ತಾರೆ ಅನ್ನೋದು ನಮ್ಮ ಭಯವಾಗಿತ್ತು. ಪಿಜಿ ಓದುವಾಗ ಲೈಬ್ರರಿಯಲ್ಲಿ ಒಂದು ಅಧ್ಯಯನ ಕಣ್ಣಿಗೆ ಬಿತ್ತು. 1984ರಲ್ಲಿ ಬೆಕ್‌ಮನ್ ಮತ್ತು ಫ್ರಾಂಕೆಲ್ ಎಂಬುವರು ಅಮೆರಿಕದಲ್ಲಿ 74 ಭೇಟಿಗಳನ್ನು ರೆಕಾರ್ಡ್ ಮಾಡಿ ಕೇಳಿದ್ದರು. ಸರಾಸರಿ 18 ಸೆಕೆಂಡಿಗೆ ಡಾಕ್ಟರ್ ನಡುವೆ ಬಾಯಿ ಹಾಕುತ್ತಿದ್ದರು. ಹೇಳಬೇಕೆಂದುಕೊಂಡು ಬಂದದ್ದನ್ನು ಪೂರ್ತಿ ಹೇಳಿದವರು ನಾಲ್ಕರಲ್ಲಿ ಒಬ್ಬರೂ ಇಲ್ಲ. ಆಮೇಲೆ 2002ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತಡೆಯದೆ ಮಾತಾಡಲು ಬಿಟ್ಟು ನೋಡಿದರು. ಸರಾಸರಿ 92 ಸೆಕೆಂಡಿನಲ್ಲಿ ಜನ ತಾವಾಗಿಯೇ ನಿಲ್ಲಿಸಿದರು! ಇದನ್ನು ಮೇಷ್ಟ್ರಿಗೆ ಫೋನ್ ಮಾಡಿ ಓದಿ ಹೇಳಿದೆ. "ಅಷ್ಟೇ ಅಲ್ವಾ, ಅಷ್ಟು ಹೊತ್ತು ಸುಮ್ನೆ ಇರೋಕೆ ಆಗಲ್ವಾ ನಮಗೆ" ಎಂದರು.

ಸುಮ್ಮನಿದ್ದು ಕೇಳಿದರೆ ಏನು ಸಿಗುತ್ತದೆ ಅನ್ನೋದನ್ನು ಒಬ್ಬ ಅಜ್ಜಿಯ ಬೆಡ್ ಪಕ್ಕದಲ್ಲಿ ಕಲಿತೆವು. ಸಕ್ಕರೆ ಕಾಯಿಲೆ. ಇನ್ಸುಲಿನ್ ಬರೆದುಕೊಟ್ಟು ಮನೆಗೆ ಕಳಿಸಿದರೆ ಮತ್ತೆ ಶುಗರ್ ಏರಿಸಿಕೊಂಡು ಬರುತ್ತಿದ್ದರು. ಕೇಸ್ ಶೀಟಿನಲ್ಲಿ ಯಾರೋ 'ಔಷಧಿ ಸರಿಯಾಗಿ ತೆಗೆದುಕೊಳ್ಳುವುದಿಲ್ಲ' ಎಂದು ಬರೆದಿದ್ದರು. ಒಬ್ಬ ಹೌಸ್ ಸರ್ಜನ್, ಅಂದರೆ ಇಂಟರ್ನ್, ಅಜ್ಜಿಗೆ ಗದರಿಸುತ್ತಿದ್ದ. ಮೇಷ್ಟ್ರು ಕೂತರು. ಮನೆಯಲ್ಲಿ ಯಾರಿದ್ದಾರೆ, ಇಂಜೆಕ್ಷನ್ ಯಾರು ಹಾಕುತ್ತಾರೆ ಎಂದು ನಿಧಾನವಾಗಿ ಕೇಳಿದರು. ನಾನೇ ಹಾಕ್ಕೋತೀನಿ ಅಂದರು ಅಜ್ಜಿ. "ಹೇಗೆ ತಗೋತೀರಾ ಅಂತ ಒಂಚೂರು ತೋರಿಸಮ್ಮ" ಎಂದು ಸಿರಿಂಜ್ ಕೈಗೆ ಕೊಟ್ಟರು. ಅಜ್ಜಿ ಸಿರಿಂಜನ್ನು ಕಣ್ಣಿನ ಹತ್ತಿರ, ದೂರ, ಮತ್ತೆ ಹತ್ತಿರ ಹಿಡಿದರು. ಗೆರೆ ಕಾಣುತ್ತಿರಲಿಲ್ಲ. ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹೇಳಿಕೊಳ್ಳಲು ನಾಚಿಕೆಯಾಗಿ ಇಷ್ಟು ದಿನ ಅಂದಾಜಿನ ಮೇಲೆ ಚುಚ್ಚಿಕೊಂಡಿದ್ದರು. ಮೇಷ್ಟ್ರು ಹೌಸ್ ಸರ್ಜನ್‌ಗೆ ಬೈಯಲಿಲ್ಲ. ಕಣ್ಣಿನ ವಿಭಾಗಕ್ಕೆ ಚೀಟಿ ಬರೆಯಲು ಹೇಳಿ, ಕೇಸ್ ಶೀಟಿನ ಆ ಸಾಲನ್ನು ಅವನ ಕೈಯಿಂದಲೇ ಹೊಡೆದು ಹಾಕಿಸಿದರು.

ಅದೇ ವಾರ್ಡಿನ ಸಿಸ್ಟರ್ ಕೂಡ ನಮಗೆ ಮೇಷ್ಟ್ರೇ. ನಾವು ಅವರಿಗೆ ಹೆದರಿದಷ್ಟು ಎಕ್ಸಾಮಿನರ್‌ಗೂ ಹೆದರಿರಲಿಲ್ಲ. ಪರದೆ ಎಳೆಯದೆ ಯಾರ ಸೆರಗಿಗೂ ಕೈ ಹಾಕುವ ಹಾಗಿಲ್ಲ. ಅಂಗೈ ಉಜ್ಜಿ ಬೆಚ್ಚಗೆ ಮಾಡಿಕೊಳ್ಳದೆ ಹೊಟ್ಟೆ ಮುಟ್ಟುವ ಹಾಗಿಲ್ಲ. ಹೊಟ್ಟೆ ಒತ್ತುವಾಗ ಕಣ್ಣು ಪೇಷಂಟಿನ ಮುಖದ ಮೇಲೆ ಇರಬೇಕು. ಬೆಡ್ ನಂಬರ್ ಹೇಳಿ ಕರೆದರೆ "ಹೆಸರಿಲ್ವಾ ಅವರಿಗೆ?" ಎಂದು ಇಡೀ ವಾರ್ಡಿಗೆ ಕೇಳುವ ಹಾಗೆ ಹೇಳುತ್ತಿದ್ದರು. ಇವತ್ತಿಗೂ ನನ್ನ ಕೈ ಉಜ್ಜದೆ ಮುಂದೆ ಹೋಗುವುದಿಲ್ಲ.

ಈಗ ನಮ್ಮ ತುಂಟತನದ ಕಥೆ. ಬರೆಯಲು ಆ ಗೆಳೆಯನ ಒಪ್ಪಿಗೆ ಪಡೆದಿದ್ದೇನೆ.

ನಮ್ಮ ಬ್ಯಾಚ್‌ನಲ್ಲಿ ಒಬ್ಬ ಒಳ್ಳೆಯ ನಟನಿದ್ದ. ಕಾಲೇಜ್ ಡೇ ನಾಟಕಗಳಲ್ಲೆಲ್ಲ ಅವನೇ ಹೀರೋ. ಪೋಸ್ಟಿಂಗ್ ಮುಗಿಯುವ ದಿನ, ಹಿಂದಿನ ಸಂಜೆ ಖಾಲಿಯಾಗಿದ್ದ ಬೆಡ್ ಮೇಲೆ ಅವನನ್ನು ಮಲಗಿಸಿದೆವು. ಕಂಬಳಿ ಹೊದಿಸಿ, ತಲೆಗೆ ಟವೆಲ್ ಸುತ್ತಿ, ಸುಳ್ಳು ಕೇಸ್ ಶೀಟ್ ಬರೆದು ನೇತುಹಾಕಿದೆವು. ಹೊಟ್ಟೆನೋವಿನ ಡೈಲಾಗ್ ಅವನಿಗೆ ಬಾಯಿಪಾಠ. ಮೇಷ್ಟ್ರು ಬಂದರು, ಸ್ಟೂಲ್ ಎಳೆದರು, ಏನು ತೊಂದರೆಯಪ್ಪಾ ಎಂದರು. ನಾವು ನಗು ಅದುಮಿಕೊಂಡು ನಿಂತಿದ್ದೆವು. ಅವನು ಕಲಿತದ್ದನ್ನೆಲ್ಲ ಚೆನ್ನಾಗಿ ಒಪ್ಪಿಸಿದ. ಮೇಷ್ಟ್ರು ಏನೂ ಅನ್ನಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು "ಆಮೇಲೆ?" ಎಂದರು. ಅವನ ಹತ್ತಿರ ಆಮೇಲೆ ಇರಲಿಲ್ಲ. ತಡವರಿಸಿ, ನಿದ್ದೆ ಬರಲ್ಲ ಸಾರ್ ಅಂದ. ಮತ್ತೆ ಮೌನ. ಮತ್ತೆ "ಆಮೇಲೆ?" ಊಟ ಸೇರಲ್ಲ ಸಾರ್ ಅಂದ. ಆಗ ಅವನ ದನಿ ನಾಟಕದ್ದಾಗಿರಲಿಲ್ಲ. ಮೇಷ್ಟ್ರು ಟವೆಲ್ ಸರಿಸಲೂ ಇಲ್ಲ, ಹೆಸರು ಹಿಡಿದು ಕರೆಯಲೂ ಇಲ್ಲ. ಪರದೆ ಎಳೆದು ನಮ್ಮನ್ನೆಲ್ಲ ಹೊರಗೆ ಕಳಿಸಿದರು.

ಅವನ ತಂದೆ ಆ ವರ್ಷ ತೀರಿಕೊಂಡಿದ್ದರು. ಹೋಗಿ ಕಾರ್ಯ ಮುಗಿಸಿ ಬಂದ, ನಗುತ್ತಲೇ ಇದ್ದ. ನಾವೂ ನಗುತ್ತಾನಲ್ಲ ಅಂದುಕೊಂಡು ಸುಮ್ಮನಾಗಿದ್ದೆವು. ಬಹಳ ಹೊತ್ತಿನ ಮೇಲೆ ಮೇಷ್ಟ್ರು ಹೊರಬಂದು ಒಂದೇ ಮಾತು ಕೇಳಿದರು. "ಇವನ ರೂಮ್‌ಮೇಟ್ಸ್ ಯಾರು?" ಇಬ್ಬರು ಕೈ ಎತ್ತಿದರು. "ಇವನು ರಾತ್ರಿ ಮಲಗಲ್ಲ ಅಂತ ಗೊತ್ತಿರಲಿಲ್ವಾ?" ಅಷ್ಟೇ. ಅಂದಿನಿಂದ ಆ ಇಬ್ಬರೂ ಅವನನ್ನು ಒಬ್ಬನೇ ಬಿಡಲಿಲ್ಲ. ಮೊನ್ನೆ ರಾತ್ರಿ ಗುಂಪಿನಲ್ಲಿ ಎಲ್ಲರಿಗಿಂತ ಉದ್ದವಾಗಿ ಬರೆದದ್ದು ಅವನೇ.

ಪೇಷಂಟ್ ವೇಷ ಹಾಕಿಸಿ ಕಲಿಸುವುದು ಈಗ ದೊಡ್ಡ ಪದ್ಧತಿ. ಹೊವರ್ಡ್ ಬ್ಯಾರೋಸ್ ಎಂಬ ನರರೋಗ ತಜ್ಞರು 1963ರಲ್ಲೇ ಲಾಸ್ ಏಂಜಲೀಸ್‌ನಲ್ಲಿ ಇದನ್ನು ಶುರು ಮಾಡಿದ್ದರು. 1975ರಲ್ಲಿ ಸ್ಕಾಟ್ಲೆಂಡಿನ ಡಂಡಿಯಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಅವರ ಜೊತೆಯವರು ಆಸ್ಕಿ ಎಂಬ ಪರೀಕ್ಷೆಯ ಬಗ್ಗೆ ಬರೆದರು. ಬೆಲ್ ಹೊಡೆದಂತೆ ಒಂದು ಸ್ಟೇಷನ್‌ನಿಂದ ಇನ್ನೊಂದಕ್ಕೆ ಹೋಗಿ, ಪ್ರತಿಯೊಂದರಲ್ಲೂ ಒಂದು ಕೆಲಸ ಮಾಡಿ ತೋರಿಸಿ, ಮೊದಲೇ ಬರೆದಿಟ್ಟ ಪಟ್ಟಿಯ ಪ್ರಕಾರ ಅಂಕ ಪಡೆಯುವ ಪರೀಕ್ಷೆ ಅದು. ಎರಡೂ ಒಳ್ಳೆಯ ಕೆಲಸಗಳೇ. ಎಕ್ಸಾಮಿನರ್ ಮೂಡ್ ಮೇಲೆ ಪಾಸು ಫೇಲು ನಿಂತಿದ್ದ ಕಾಲ ನಾವು ನೋಡಿದ್ದೇವೆ. ಆದರೆ ಇತ್ತೀಚೆಗೆ ಎಕ್ಸಾಮಿನರ್ ಆಗಿ ಹೋದಾಗ ನನಗೆ ಬೇಸರವಾಯಿತು. ಪಟ್ಟಿಯಲ್ಲಿ 'ಅನುಭೂತಿ (ಎಂಪಥಿ) ತೋರಿಸಿದರು', ಅಂದರೆ ಪೇಷಂಟಿನ ನೋವನ್ನು ಅರಿತರು, ಎಂದು ಒಂದು ಅಂಕ ಇರುತ್ತದೆ. ಮಕ್ಕಳು ಬಂದು, "ನಿಮ್ಮ ಕಷ್ಟ ನನಗೆ ಅರ್ಥವಾಗುತ್ತದೆ" ಎಂದು ಗೋಡೆ ನೋಡಿಕೊಂಡು ಹೇಳಿ ಮುಂದಿನ ಸ್ಟೇಷನ್‌ಗೆ ಓಡುತ್ತಾರೆ. ನಿಯಮದ ಪ್ರಕಾರ ನಾನು ಅಂಕ ಕೊಡಲೇಬೇಕು. ಅವರ ತಪ್ಪಲ್ಲ. ಬೆಲ್ ಹೊಡೆಯುವ ಪರೀಕ್ಷೆಗೆ ತಯಾರಾದವರು ಅವರು, ಮೌನವಾಗಿ ಕೂರಲು ಯಾರೂ ಬಿಟ್ಟಿಲ್ಲ. ವಾರ್ಡಿಗೆ ಬರುವ ಸಮಯವೆಲ್ಲ ಮುಂದಿನ ಎಂಟ್ರೆನ್ಸಿನ ಎಂಸಿಕ್ಯೂ ಪುಸ್ತಕಕ್ಕೆ ಹೋಗುತ್ತಿದೆ.

ಮೊಹಮ್ಮದ್‌ರೆಜಾ ಹೋಜತ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಅಧ್ಯಯನವೊಂದು ನನ್ನನ್ನು ಬಿಟ್ಟಿಲ್ಲ. ಅಮೆರಿಕದ ವೈದ್ಯಕೀಯ ವಿದ್ಯಾರ್ಥಿಗಳಲ್ಲಿ ಅನುಭೂತಿ ಗಣನೀಯವಾಗಿ ಇಳಿದದ್ದು ಮೂರನೇ ವರ್ಷದಲ್ಲಿ. ಅಂದರೆ ಪುಸ್ತಕ ಬಿಟ್ಟು ಪೇಷಂಟ್ ಹತ್ತಿರ ಬರುವ ವರ್ಷದಲ್ಲೇ! ನಿದ್ದೆಗೆಟ್ಟು, ಬೈಸಿಕೊಂಡು, ಸಾವು ನೋಡಿ ಮಕ್ಕಳು ಒಳಗೊಳಗೇ ಗಟ್ಟಿಯಾಗುತ್ತಾರೆ. ಆ ವರ್ಷ ಅವರ ಪಕ್ಕದಲ್ಲಿ ಎಂಥ ಮೇಷ್ಟ್ರು ಇರುತ್ತಾರೆ ಅನ್ನೋದು ಬಹಳ ಮುಖ್ಯ. ನಮ್ಮ ಮೇಷ್ಟ್ರು ಯಾರಾದರೂ ತೀರಿಕೊಂಡರೆ ಮನೆಯವರನ್ನು ಕೂರಿಸಿ, ಇಲ್ಲಿಯವರೆಗೆ ನಿಮಗೆ ಏನು ಹೇಳಿದ್ದಾರೆ ಎಂದು ಮೊದಲು ಕೇಳುತ್ತಿದ್ದರು. ಆಮೇಲೆ ಸುತ್ತಿ ಬಳಸದೆ ವಿಷಯ ಹೇಳಿ, ಅವರು ಅತ್ತು ಮುಗಿಸುವವರೆಗೂ ಎದ್ದು ಹೋಗುತ್ತಿರಲಿಲ್ಲ. ಅದಾದ ಮೇಲೆ ಡ್ಯೂಟಿಯಲ್ಲಿದ್ದ ಇಂಟರ್ನ್ ಹತ್ತಿರ ಬಂದು "ನೀನು ಹೇಗಿದ್ದೀಯಾ?" ಎಂದು ಕೇಳುತ್ತಿದ್ದರು. ನನಗೂ ಕೇಳಿದ್ದರು. ಆ ರಾತ್ರಿ ಹಾಗೆ ಕೇಳಿದವರು ಅವರೊಬ್ಬರೇ.

ನನ್ನ ಒಪಿಡಿಯಲ್ಲಿ ಕಾಯುವುದು ಜಾಸ್ತಿ ಎಂದು ಜನ ಹೇಳುತ್ತಾರೆ. ಆದರೂ ಕಾಯುತ್ತಾರೆ, ತಮ್ಮ ಮಕ್ಕಳನ್ನೂ ಕರೆತರುತ್ತಾರೆ. ಇಷ್ಟು ವರ್ಷದಲ್ಲಿ ನನ್ನ ಮೇಲೆ ಯಾರೂ ಕೋರ್ಟಿಗೆ ಹೋಗಿಲ್ಲ ಅನ್ನೋದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ನನ್ನ ವಿಭಾಗದ ಪಿಜಿಗಳು ಈಗ ಕೂತೇ ಮಾತಾಡುತ್ತಾರೆ. ಅದನ್ನು ನೋಡಲು ಮೇಷ್ಟ್ರು ಒಮ್ಮೆ ಬರಬೇಕಿತ್ತು.

ಅವರ ಹೆಸರಿನಲ್ಲಿ ಚಿನ್ನದ ಪದಕ ಇಡೋಣ ಎಂದು ಬ್ಯಾಚ್ ತೀರ್ಮಾನಿಸಿದೆ. ಮೆಡಿಸಿನ್‌ನಲ್ಲಿ ಅತಿ ಹೆಚ್ಚು ಅಂಕ ಪಡೆದವರಿಗೆ ಎಂದು ಕೆಲವರು ಹೇಳಿದರು. ನಾನು ಒಪ್ಪಲಿಲ್ಲ. ಅಂಕಕ್ಕೆ ಪದಕಗಳು ಬೇಕಾದಷ್ಟಿವೆ. ಇಂಟರ್ನ್‌ಶಿಪ್ ಮುಗಿಯುವಾಗ, ವರ್ಷವಿಡೀ ಆ ಮಕ್ಕಳನ್ನು ಬೆಡ್ ಪಕ್ಕದಲ್ಲಿ ನೋಡಿದ ವಾರ್ಡ್ ಸಿಸ್ಟರ್‌ಗಳೇ ಒಬ್ಬರನ್ನು ಆರಿಸಲಿ ಎಂದೆ. ವಾದ ಜೋರಾಗಿಯೇ ನಡೆಯಿತು, ಕೊನೆಗೆ ಹೆಚ್ಚಿನವರು ಒಪ್ಪಿದರು. ಪ್ರಾಂಶುಪಾಲರಿಗೆ ಪತ್ರ ಹೋಗಿದೆ. ಹಣ ನಾವು ಕೂಡಿಸುತ್ತೇವೆ. ಆಯ್ಕೆ ಮಾತ್ರ ಸಿಸ್ಟರ್‌ಗಳ ಕೈಯಲ್ಲೇ ಇರಲಿ ಎಂದು ಕಾಲೇಜಿಗೆ ಈ ಸಂಚಿಕೆಯ ಮೂಲಕವೂ ಕೇಳಿಕೊಳ್ಳುತ್ತೇನೆ.