ಲಕ್ಕಿ ಕಾಯಿ ಬೇರೆ, ಚೇಸ್ಟ್‌ಬೆರಿ ಬೇರೆ

6 ಜುಲೈ 2025, ಭಾನುವಾರ
ಮೈಸೂರು

ಮುಟ್ಟಿನ ಮುಂಚಿನ ವಾರದ ಸಿಡುಕು, ತಲೆನೋವು, ಸ್ತನಗಳ ಬಿಗಿತಕ್ಕೆ ಚೇಸ್ಟ್‌ಬೆರಿ ಒಳ್ಳೆಯದು ಎಂದು ಓದಿ, ದೇವರಾಜ ಮಾರುಕಟ್ಟೆ ಸುತ್ತಿನ ಗ್ರಂಧಿಗೆ ಅಂಗಡಿಗಳಲ್ಲಿ ಕೇಳುವವರಿದ್ದಾರೆ. ಅಲ್ಲಿ ನಿರ್ಗುಂಡಿ ಬೀಜ ಅಥವಾ ರೇಣುಕ ಎಂಬ ಹೆಸರಿನಲ್ಲಿ ಸಿಗುವುದು ಹೆಚ್ಚಾಗಿ ನಮ್ಮ ಲಕ್ಕಿ ಗಿಡದ ಕಾಯಿ. ಚೇಸ್ಟ್‌ಬೆರಿ ಎಂದರೆ ವೈಟೆಕ್ಸ್ ಆಗ್ನಸ್ ಕ್ಯಾಸ್ಟಸ್, ಮೆಡಿಟರೇನಿಯನ್ ತೀರ ಮತ್ತು ಪಶ್ಚಿಮ ಏಷ್ಯಾದ ಪೊದೆ. ಲಕ್ಕಿ ವೈಟೆಕ್ಸ್ ನೆಗುಂಡೊ. ಇವು ದಾಯಾದಿಗಳು, ಆದರೆ ಒಂದರ ಬದಲು ಇನ್ನೊಂದು ನಡೆಯುವುದಿಲ್ಲ. ಮಂಡ್ಯದ ನಾಲೆ ಏರಿಗಳಲ್ಲಿ, ಹೊಲದ ಬೇಲಿಗಳಲ್ಲಿ ಬೆಳೆಯುವ ಲಕ್ಕಿಯ ಸೊಪ್ಪು ಬಾಣಂತಿ ಸ್ನಾನದ ನೀರಿಗೆ, ಶೀತಕ್ಕೆ ಹಬೆ ಹಿಡಿಯಲು, ಕಾಳು ಕೆಡದಂತೆ ಮೂಟೆಯೊಳಗೆ ಇಡಲು ಬಹಳ ಕಾಲದಿಂದ ಬಳಕೆಯಲ್ಲಿದೆ. ಆ ಗೌರವ ಅದಕ್ಕಿರಲಿ. ಆದರೆ ಮುಟ್ಟಿನ ತೊಂದರೆಗೆ ಯುರೋಪಿನಲ್ಲಿ ನಡೆದ ಪರೀಕ್ಷೆಗಳೆಲ್ಲ ಆಗ್ನಸ್ ಕ್ಯಾಸ್ಟಸ್ ಹಣ್ಣಿನ ಮೇಲೆ ನಡೆದವು.

ಗಿಡ ಎದುರಿಗಿದ್ದರೆ ಗುರುತು ಸುಲಭ. ಲಕ್ಕಿಗೆ ಮೂರರಿಂದ ಐದು ಕಿರುಎಲೆ, ಆಗ್ನಸ್ ಕ್ಯಾಸ್ಟಸ್‌ಗೆ ಐದರಿಂದ ಏಳು, ಅವು ಇನ್ನೂ ಸಪೂರ. ಒಣಗಿದ ಹಣ್ಣಿನಲ್ಲಿ ಅಷ್ಟು ಸಲೀಸಿಲ್ಲ. ಸರಿಯಾದ ಹಣ್ಣು ಗುಂಡಗೆ, 3–5 ಮಿಲಿಮೀಟರ್, ಕಂದು ಮಿಶ್ರಿತ ಕಪ್ಪು. ಬದನೆಕಾಯಿಯ ತೊಟ್ಟಿನ ಹಾಗೆ ಬೂದು ಬಣ್ಣದ ಪುಷ್ಪಪಾತ್ರೆ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಕವಿದಿರುತ್ತದೆ. ಅಡ್ಡ ಕೊಯ್ದರೆ ನಾಲ್ಕು ಗೂಡು. ಇಷ್ಟು ನೋಡಿದರೆ ನೋಡಲು ಹೋಲುವ ವಾಯುವಿಡಂಗ ಮತ್ತು ಬಾಲಮೆಣಸನ್ನು ಬೇರ್ಪಡಿಸಬಹುದು, ಎರಡರಲ್ಲೂ ಒಳಗೆ ಒಂದೇ ಬೀಜ. ಲಕ್ಕಿ ಕಾಯಿಗೂ ನಾಲ್ಕೇ ಗೂಡು, ಹಾಗಾಗಿ ಅದನ್ನು ಕಣ್ಣಳತೆಯಲ್ಲಿ ಹಿಡಿಯುವುದು ಕಷ್ಟ. ಚೇಸ್ಟ್‌ಬೆರಿಯ ಗುಣಮಟ್ಟಕ್ಕೆ ಅಳೆಯುವ ಕ್ಯಾಸ್ಟಿಸಿನ್ ಎಂಬ ರಾಸಾಯನಿಕ ಲಕ್ಕಿಯಲ್ಲೂ ಇದೆ. ಪೊಟ್ಟಣದ ಮೇಲೆ ಸಸ್ಯದ ಪೂರ್ತಿ ಲ್ಯಾಟಿನ್ ಹೆಸರು, ಬ್ಯಾಚ್ ಸಂಖ್ಯೆ ಇಲ್ಲದ ಸರಕನ್ನು ಕೊಳ್ಳಬೇಡಿ.

ಈ ಹಣ್ಣಿನೊಳಗೆ ಹಾರ್ಮೋನ್ ಏನೂ ಇಲ್ಲ. ಇದರ ಡೈಟರ್ಪೀನ್ ಎಂಬ ಎಣ್ಣೆಗುಣದ ಅಂಶಗಳು ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯ ಡೋಪಮೈನ್ ಡಿ2 ಗ್ರಾಹಕಗಳಿಗೆ ಅಂಟಿಕೊಂಡು, ಎದೆಹಾಲು ಬರಿಸುವ ಹಾರ್ಮೋನ್ ಆದ ಪ್ರೊಲ್ಯಾಕ್ಟಿನ್ ಸ್ರಾವವನ್ನು ತಗ್ಗಿಸುತ್ತವೆ. ಸ್ತನದ ನೋವಿಗೆ ಇದು ಒದಗುವುದು ಆ ದಾರಿಯಿಂದಲೇ. ಪಿಸಿಓಡಿ ಎಂಬ ಅಂಡಾಶಯದ ತೊಂದರೆಯ ಮೂಲದಲ್ಲಿ ಸಾಮಾನ್ಯವಾಗಿ ಇನ್ಸುಲಿನ್ ಮತ್ತು ಆಂಡ್ರೋಜನ್ (ಗಂಡು ಹಾರ್ಮೋನ್) ಏರುಪೇರು ಇರುವುದರಿಂದ ಅಲ್ಲಿ ಇದನ್ನೇ ನಂಬಿ ಕೂರುವುದು ಸರಿಯಲ್ಲ. ಮುಟ್ಟು ತಪ್ಪುತ್ತಿದ್ದರೆ ಮೊದಲು ಗರ್ಭವಿಲ್ಲ ಎಂದು ಖಚಿತ ಮಾಡಿಕೊಂಡು, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಮತ್ತು ಪ್ರೊಲ್ಯಾಕ್ಟಿನ್ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್ ಮಂದವಾದರೂ ಪ್ರೊಲ್ಯಾಕ್ಟಿನ್ ಏರುತ್ತದೆ. ಎದ್ದ ಕೂಡಲೇ ರಕ್ತ ಕೊಡಬೇಡಿ. ಎರಡು ಮೂರು ಗಂಟೆ ಕಳೆಯಲಿ, ಲ್ಯಾಬಿನಲ್ಲಿ ಸ್ವಲ್ಪ ಕೂತು ಸುಧಾರಿಸಿಕೊಂಡು ಕೊಡಿ. ನಿದ್ದೆ, ಓಟ, ಗಾಬರಿ ಎಲ್ಲವೂ ಪ್ರೊಲ್ಯಾಕ್ಟಿನ್ ಅಂಕಿಯನ್ನು ಏರಿಸುತ್ತವೆ.

ನಮ್ಮಲ್ಲಿ ಕೈ ತಾನಾಗಿ ಕಷಾಯದ ಪಾತ್ರೆಗೆ ಹೋಗುತ್ತದೆ. ಇಲ್ಲಿ ಅದು ಬೇಡ. ಡೈಟರ್ಪೀನ್‌ಗಳು ನೀರಿಗೆ ಸರಿಯಾಗಿ ಇಳಿಯುವುದಿಲ್ಲ, ಕುದಿಸಿದರೆ ಸುಗಂಧ ತೈಲವೂ ಹಬೆಯಲ್ಲಿ ಹೋಗುತ್ತದೆ. ಕೊನೆಗೆ ಉಳಿಯುವುದು ಕಹಿ ಮಾತ್ರ. ಇಡೀ ಹಣ್ಣೇ ಬೇಕೆನ್ನುವವರು 10 ಗ್ರಾಮಿನಷ್ಟನ್ನು ಮಿಕ್ಸಿಯ ಒಣ ಜಾರಿನಲ್ಲಿ ನಿಲ್ಲಿಸಿ ನಿಲ್ಲಿಸಿ ತಿರುವಲಿ. ಒಂದೇ ಸಮನೆ ಓಡಿಸಿದರೆ ಬಿಸಿಯಾಗಿ ಪರಿಮಳ ಆರುತ್ತದೆ. ಜರಡಿ ಹಿಡಿದು ಸಣ್ಣ ಗಾಜಿನ ಬಾಟಲಿಯಲ್ಲಿ, ಬೆಳಕು ತಾಗದ ಕಡೆ ಇಡಿ. ಪುಡಿ ಬೇಗ ಸಪ್ಪೆಯಾಗುತ್ತದೆ, ಇಡೀ ಹಣ್ಣು ಹೆಚ್ಚು ಕಾಲ ಬಾಳುತ್ತದೆ. ಆಷಾಢದ ತೇವದಲ್ಲಿ ಪ್ಲಾಸ್ಟಿಕ್ ಕವರಿನಲ್ಲಿ ಬಿಟ್ಟರೆ ಬೂಷ್ಟು ಗ್ಯಾರಂಟಿ. ಒಂದು ಹಣ್ಣು ಅಗಿದು ನೋಡಿ: ಮೆಣಸಿನ ಘಾಟು, ಹಿಂದೆಯೇ ಕಹಿ ಬರಬೇಕು. ಬರದಿದ್ದರೆ ಅದು ಹಳೆಯ ಸರಕು.

ಪುಡಿಯ ವಾಡಿಕೆಯ ಪ್ರಮಾಣ ದಿನಕ್ಕೆ ಅರ್ಧದಿಂದ ಒಂದು ಗ್ರಾಂ, ಬೆಳಗಿನ ತಿಂಡಿಯ ನಂತರ, ನೀರಿನಲ್ಲೋ ಜೇನಿನಲ್ಲೋ. ಖಾಲಿ ಹೊಟ್ಟೆಗೆ ವಾಕರಿಕೆ ಬರಬಹುದು. ಚಮಚದ ಅಳತೆ ನಂಬಬೇಡಿ, ಸಣ್ಣ ಡಿಜಿಟಲ್ ತಕ್ಕಡಿ ಇಟ್ಟುಕೊಳ್ಳಿ. ಮನೆಯಲ್ಲೇ ಟಿಂಕ್ಚರ್ (ಮದ್ಯಸಾರದಲ್ಲಿ ನೆನೆಸಿ ತೆಗೆದ ಸಾರ) ಮಾಡುತ್ತೇವೆಂದು ಸರ್ಜಿಕಲ್ ಸ್ಪಿರಿಟ್ ಸುರಿಯುವುದಂತೂ ಜೀವಕ್ಕೇ ಅಪಾಯ, ಅದು ಕುಡಿಯುವ ಮದ್ಯಸಾರವಲ್ಲ.

ನಮ್ಮ ಅಭಿಪ್ರಾಯ ಕೇಳಿದರೆ, ಪುಡಿಗಿಂತ ಪ್ರಮಾಣೀಕೃತ (ಅಂಶದ ಪ್ರಮಾಣ ಅಳೆದು ನಿಗದಿ ಮಾಡಿದ) ಸಾರದ ಮಾತ್ರೆ ವಾಸಿ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಪರೀಕ್ಷೆಯಲ್ಲಿ 170 ಮಹಿಳೆಯರಿದ್ದರು. ಮೂರು ಋತುಚಕ್ರ ದಿನಕ್ಕೆ 20 ಮಿಲಿಗ್ರಾಂ ಸಾರ ತೆಗೆದುಕೊಂಡವರಲ್ಲಿ 52% ಜನರಿಗೆ ಲಕ್ಷಣಗಳು ಅರ್ಧಕ್ಕೆ ಇಳಿದವು, ಹುಸಿ ಮಾತ್ರೆ ನುಂಗಿದವರಲ್ಲಿ 24% ಜನರಿಗೆ. ಈ ಬಗೆಯ ಸಾರ 6–12 ಪಟ್ಟು ಗಟ್ಟಿ, ಅಂದರೆ 20 ಮಿಲಿಗ್ರಾಂ ಸಾರ 120–240 ಮಿಲಿಗ್ರಾಂ ಒಣಹಣ್ಣಿಗೆ ಸಮ. ಲೇಬಲ್‌ನಲ್ಲಿ ಬರೆದ 400 ಮಿಲಿಗ್ರಾಂ ಪುಡಿಯದೋ ಸಾರದ್ದೋ ನೋಡದೆ ನುಂಗಿದರೆ ಲೆಕ್ಕ ತಪ್ಪುತ್ತದೆ. ಹೋಮಿಯೋಪಥಿ ಅಂಗಡಿಯ, ಮತ್ತೆ ಮತ್ತೆ ತೆಳುಗೊಳಿಸಿದ 30ರ ಪೊಟೆನ್ಸಿಯಲ್ಲಿ ಹಣ್ಣಿನ ಅಂಶವೇ ಉಳಿದಿರುವುದಿಲ್ಲ, ಅದನ್ನು ಈ ಲೆಕ್ಕಕ್ಕೆ ಸೇರಿಸಬೇಡಿ.

ಹತ್ತು ದಿನಕ್ಕೆ ಫಲ ಕಾಣಲಿಲ್ಲವೆಂದು ಬಿಡಬೇಡಿ. ಮುಟ್ಟಿನ ದಿನಗಳಲ್ಲೂ ನಿಲ್ಲಿಸದೆ ಮೂರು ತಿಂಗಳು ನೋಡಿ, ಕ್ಯಾಲೆಂಡರಿನಲ್ಲಿ ಲಕ್ಷಣ ಗುರುತು ಹಾಕಿ. ಆಗಲೂ ಬದಲಾವಣೆ ಇಲ್ಲದಿದ್ದರೆ ವೈದ್ಯರ ಹತ್ತಿರ ಹೋಗುವ ಸಮಯ. ನಡುವೆ ಮೈತುರಿಕೆ, ಗಂಧೆ ಎದ್ದರೆ ಅಂದೇ ನಿಲ್ಲಿಸಿ.

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, 18 ವರ್ಷದೊಳಗಿನ ಹುಡುಗಿಯರು ಮುಟ್ಟುವುದೇ ಬೇಡ. ಸ್ತನ ಕ್ಯಾನ್ಸರ್ ಅಥವಾ ಪಿಟ್ಯುಟರಿ ಗಡ್ಡೆಯ ಇತಿಹಾಸವಿದ್ದವರು, ಗರ್ಭನಿರೋಧಕ ಮಾತ್ರೆ, ಐವಿಎಫ್ ಚಿಕಿತ್ಸೆ, ಪ್ರೊಲ್ಯಾಕ್ಟಿನ್ ಇಳಿಸುವ ಕ್ಯಾಬರ್ಗೋಲಿನ್ ಅಥವಾ ಮನೋರೋಗದ ಔಷಧಿಯಲ್ಲಿರುವವರು ವೈದ್ಯರನ್ನು ಕೇಳದೆ ಶುರು ಮಾಡಬಾರದು. ಇನ್ನೊಂದು ಬಹಳ ಜನರ ಗಮನಕ್ಕೆ ಬರುವುದಿಲ್ಲ: ಗ್ಯಾಸ್ಟ್ರಿಕ್ ಎಂದರೆ ಸಾಕು, ಆಮ್ಲ ತಗ್ಗಿಸುವ ಪ್ಯಾಂಟೊಪ್ರಜೋಲ್ ಜೊತೆ ವಾಂತಿ ತಡೆಯುವ ಡಾಂಪೆರಿಡೋನ್ ಸೇರಿದ ಕ್ಯಾಪ್ಸೂಲ್ ಕೈಗೆ ಬರುತ್ತದೆ. ಡಾಂಪೆರಿಡೋನ್ ಪ್ರೊಲ್ಯಾಕ್ಟಿನ್ ಏರಿಸುತ್ತದೆ, ಚೇಸ್ಟ್‌ಬೆರಿ ಮಾಡುವುದಕ್ಕೆ ನೇರ ವಿರುದ್ಧ. ಅದನ್ನು ತಿಂಗಳುಗಟ್ಟಲೆ ನುಂಗುತ್ತಿರುವವರಿಗೆ ಸ್ತನಗಳಲ್ಲಿ ಬಿಗಿತ ಇದ್ದರೆ, ಹಣ್ಣು ಹುಡುಕುವ ಮೊದಲು ಆ ಕ್ಯಾಪ್ಸೂಲ್ ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿ.