ಮಳೆಗಾಲ ಮುಗಿದ ಮೇಲೆ ಬಾಲ್ಕನಿಯ ಕುರ್ಚಿಗಳು

ಮುಂಬೈನ ಮುಲುಂಡಿನಲ್ಲಿರುವ ನಮ್ಮ ಮನೆಯ ಬಾಲ್ಕನಿ ಪಡುವಣಕ್ಕೆ ತೆರೆದುಕೊಂಡಿರುವುದರಿಂದ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇರಚಲು ನೇರವಾಗಿ ಒಳಗೆ ಬಡಿಯುತ್ತದೆ. ಅಕ್ಟೋಬರಿನ ಬಿಸಿಲು ಕಾಣಿಸಿಕೊಳ್ಳುವ ಹೊತ್ತಿಗೆ ಅಲ್ಲಿನ ನಾಲ್ಕು ಬಿಳಿ ಪ್ಲಾಸ್ಟಿಕ್ ಕುರ್ಚಿಗಳ ಕಾಲುಗಳಿಗೆ ಪಾಚಿ ಹತ್ತಿರುತ್ತದೆ, ಬೆನ್ನಿನ ಜಾಲರಿಯ ಸಂದುಗಳಲ್ಲಿ ಸಾಸಿವೆ ಕಾಳಿನಷ್ಟು ಕಪ್ಪು ಚುಕ್ಕೆಗಳು ಮೂಡಿರುತ್ತವೆ.

ತೊಳೆಯುವ ಮೊದಲು ಒಣ ಕುರ್ಚಿಯ ಮೇಲೆ ಅಂಗೈಯನ್ನು ಒತ್ತಿ ಎಳೆದು ನೋಡಬೇಕು. ಕೈಗೆ ಸೀಮೆಸುಣ್ಣದಂಥ ಬಿಳಿ ಪುಡಿ ಹತ್ತಿದರೆ ಅದು ಕೊಳೆಯಲ್ಲ. ಬಿಸಿಲಿನ ನೇರಳಾತೀತ ಕಿರಣಗಳಿಂದ ಪಾಲಿಪ್ರೊಪಿಲೀನ್‌ನ, ಅಂದರೆ ಕುರ್ಚಿಯ ಪ್ಲಾಸ್ಟಿಕ್ಕಿನ, ಮೇಲ್ಪದರವೇ ಸವೆದು ಉದುರುತ್ತಿದೆ ಎಂದರ್ಥ. ಅದಕ್ಕೆ ಯಾವ ಸೋಪೂ ಮದ್ದಲ್ಲ. ಕಪ್ಪು ಚುಕ್ಕೆಯ ಸಂಗತಿ ಬೇರೆ. ಬೂಷ್ಟು ಬೆಳೆಯುವುದು ಪ್ಲಾಸ್ಟಿಕ್ಕನ್ನು ತಿಂದಲ್ಲ, ಅದರ ಮೇಲೆ ಕೂತ ಧೂಳು ಮತ್ತು ಜಿಡ್ಡನ್ನು ತಿಂದು. ಆದ್ದರಿಂದ ಅದು ಹೋಗುತ್ತದೆ.

ಮೊದಲ ವರ್ಷ ನಾನು ಪಾತ್ರೆ ಉಜ್ಜುವ ಸ್ಟೀಲ್ ನಾರಿನಿಂದ ಬಲವಾಗಿ ತಿಕ್ಕಿದ್ದೆ. ಆ ದಿನ ಕುರ್ಚಿ ಬೆಳ್ಳಗಾಯಿತು, ಆದರೆ ಮರುವರ್ಷದ ಮಳೆಯಲ್ಲಿ ಗೀರು ಬಿದ್ದ ಜಾಗಗಳಲ್ಲೆಲ್ಲ ಕೊಳೆ ಇಳಿದು ಕಪ್ಪು ಗೆರೆಗಳೇ ಎದ್ದವು. ಆ ಗೆರೆಗಳು ಇಂದಿಗೂ ಹೋಗಿಲ್ಲ. ಈಗ ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವವನ್ನು ಬೆರೆಸಿ, ಮೆತ್ತನೆಯ ಬಟ್ಟೆ ಬ್ರಶ್ಶಿನಿಂದ ಉಜ್ಜುತ್ತೇನೆ. ಬಿಡದ ಕಲೆಗೆ ಅಡುಗೆ ಸೋಡಾವನ್ನು ನೀರಿನಲ್ಲಿ ಕಲಸಿ ಹಚ್ಚಿ, ಕಾಲು ಗಂಟೆಯ ಬಳಿಕ ತೊಳೆಯುತ್ತೇನೆ. ಸಂದುಗಳಿಗೆ ಹಳೆಯ ಹಲ್ಲುಜ್ಜುವ ಬ್ರಶ್ಶಿಗಿಂತ ಒಳ್ಳೆಯ ಸಾಧನವಿಲ್ಲ.

ಬೂಷ್ಟು ತೀರಾ ಹಟ ಹಿಡಿದರೆ ಮಾತ್ರ ಒಂದು ಪಾಲು ಬ್ಲೀಚಿಗೆ ಹತ್ತು ಪಾಲು ನೀರು ಸೇರಿಸಿ, ಕೈಗವಸು ತೊಟ್ಟು ಬಳಸುತ್ತೇನೆ. ಇದೊಂದನ್ನು ದಯವಿಟ್ಟು ಗಮನಿಸಿ: ಬ್ಲೀಚಿನೊಂದಿಗೆ ವಿನೆಗರ್ ಆಗಲಿ, ಆಮ್ಲವಿರುವ ಶೌಚಾಲಯದ ದ್ರಾವಣವಾಗಲಿ ಎಂದೂ ಬೆರೆಯಬಾರದು. ಅವು ಕೂಡಿದರೆ ಕ್ಲೋರಿನ್ ಅನಿಲ ಏಳುತ್ತದೆ, ಚಿಕ್ಕ ಬಾಲ್ಕನಿಯಲ್ಲಿ ಅದು ನಿಜಕ್ಕೂ ಅಪಾಯ.

ತೊಳೆದಾದ ಮೇಲೆ ಕುರ್ಚಿಗಳನ್ನು ಗೋಡೆಗೆ ವಾಲಿಸಿ ನೆರಳಿನಲ್ಲಿ ಒಣಗಿಸುತ್ತೇನೆ. ಹಸಿಯಾಗಿರುವಾಗಲೇ ಒಂದರ ಮೇಲೊಂದು ಪೇರಿಸಿದರೆ ನಡುವೆ ನಿಂತ ತೇವದಲ್ಲಿ ವಾರದೊಳಗೆ ಬೂಷ್ಟು ಮರಳುತ್ತದೆ. ಕೊನೆಗೆ ಆಸನದ ನಡುವಿನ ನೀರಿಳಿಯುವ ತೂತನ್ನು ಕಡ್ಡಿಯಿಂದ ಬಿಡಿಸುತ್ತೇನೆ. ಅದು ಕಟ್ಟಿಕೊಂಡರೆ ಅಲ್ಲಿ ನಿಲ್ಲುವ ಬೊಗಸೆ ನೀರು ಡೆಂಗಿ ಸೊಳ್ಳೆ ಮೊಟ್ಟೆಯಿಡಲು ಸಾಕು.