ಹಳೆಯ ದಿಮ್ಮಿ ಲೋಡರ್ ದುರಸ್ತಿ, ಮೂರನೆಯ ಹಂತ: ಸ್ಪಾನರ್ ಹಿಡಿಯುವ ಮೊದಲು ಬೀಗ

ಟ್ರ್ಯಾಕ್ಟರಿನ ಹಿಂದೆ ಜೋಡಿಸಿ ದಿಮ್ಮಿಗಳನ್ನು ಟ್ರೈಲರಿಗೆ ಹೇರುವ ಹಳೆಯ ಲೋಡರೊಂದನ್ನು ಬಿಡುವಿನ ವೇಳೆಯಲ್ಲಿ ಸರಿಪಡಿಸುತ್ತಿದ್ದೇನೆ. ತುಕ್ಕು ಕೆರೆದು ಬಣ್ಣ ಬಳಿಯುವ ಕೆಲಸವೂ ಟೈರುಗಳ ಕೆಲಸವೂ ಹಿಂದಿನ ಎರಡು ಹಂತಗಳಲ್ಲಿ ಮುಗಿದಿವೆ. ಈ ಹಂತದಲ್ಲಿ ಬೂಮನ್ನು, ಅಂದರೆ ದಿಮ್ಮಿ ಎತ್ತುವ ಉದ್ದನೆಯ ತೋಳನ್ನು, ಎಣ್ಣೆಯ ಒತ್ತಡದಿಂದ ಎತ್ತುವ ಮುಖ್ಯ ಸಿಲಿಂಡರಿನ ಸೀಲುಗಳನ್ನೂ ಬಿರುಕು ಬಿಟ್ಟ ನಾಲ್ಕು ಹೋಸುಗಳನ್ನೂ ಬದಲಾಯಿಸಬೇಕಿತ್ತು. ಎರಡು ದಿನದ ಕೆಲಸವೆಂದು ಲೆಕ್ಕ ಹಾಕಿದ್ದೆ. ಐದು ವಾರ ಹಿಡಿಯಿತು, ಅದರಲ್ಲಿ ಮೊದಲ ಮೂರು ವಾರ ಒಂದು ನಟ್ಟನ್ನೂ ಸಡಿಲಿಸಲಿಲ್ಲ. ಆ ಮೂರು ವಾರ ಎಲ್ಲಿಗೆ ಹೋದವು ಎಂಬುದನ್ನೇ ಇಲ್ಲಿ ಬರೆದಿಡುತ್ತಿದ್ದೇನೆ.

ಮೊದಲ ವಾರ

ಕೆಲಸ ಆರಂಭಿಸುವ ಮುನ್ನ ಎಂಜಿನ್ ಆರಿಸಿ, ಬೀಗದ ಕೈಯನ್ನು ಕಿಸೆಗೆ ಹಾಕಿಕೊಂಡು, ಬೂಮ್ ಅರ್ಧ ಎತ್ತರದಲ್ಲಿರುವಾಗಲೇ ಇಳಿಸುವ ಲಿವರನ್ನು ಒತ್ತಿ ನೋಡಿದೆ. ಬೂಮ್ ಕದಲಲಿಲ್ಲ. ಹಾಗಾದರೆ ಒಳಗೆ ಒತ್ತಡವಿಲ್ಲ ಎಂದುಕೊಂಡು ಸ್ಪಾನರ್ ಕೈಗೆತ್ತಿಕೊಂಡವನು, ಯಂತ್ರದ ಕೈಪಿಡಿಯಲ್ಲಿದ್ದ ಹೈಡ್ರಾಲಿಕ್ ನಕ್ಷೆಯನ್ನು ಇನ್ನೊಮ್ಮೆ ನೋಡಿದ್ದರಿಂದ ಉಳಿದುಕೊಂಡೆ. ಸಿಲಿಂಡರಿನ ಬುಡದಲ್ಲೇ ಭಾರ ಹಿಡಿದಿಡುವ ಕವಾಟವೊಂದಿದೆ. ಹೋಸ್ ಒಡೆದರೂ ಬೂಮ್ ಕುಸಿಯದಂತೆ ತಡೆಯುವುದೇ ಅದರ ಕೆಲಸ. ಪಂಪಿನಿಂದ ಒತ್ತಡ ಬಂದು ಅದನ್ನು ತೆರೆದರೆ ಮಾತ್ರ ಎಣ್ಣೆ ಹಿಂದಿರುಗುತ್ತದೆ. ಎಂಜಿನ್ ಆರಿದ ಮೇಲೆ ಲಿವರ್ ಒತ್ತಿದಾಗ ಬೂಮ್ ಇಳಿಯದಿದ್ದುದಕ್ಕೆ ಕಾರಣ ಒತ್ತಡ ಇಲ್ಲದಿರುವುದಲ್ಲ, ಒತ್ತಡ ಪೂರ್ತಿಯಾಗಿ ಒಳಗೇ ಸಿಕ್ಕಿಕೊಂಡಿರುವುದು. ನಾನು ಸುರಕ್ಷತೆಯ ಗುರುತೆಂದು ಓದಿಕೊಂಡದ್ದು ಅಪಾಯದ ಗುರುತಾಗಿತ್ತು.

ಆ ದಿನ ಸ್ಪಾನರನ್ನು ಪೆಟ್ಟಿಗೆಗೆ ಹಾಕಿ, ಒಂದು ನೋಟ್‌ಬುಕ್ಕಿನಲ್ಲಿ ಈ ಯಂತ್ರದೊಳಗೆ ಶಕ್ತಿ ಎಲ್ಲೆಲ್ಲಿ ಕೂತಿರಬಹುದೆಂದು ಬರೆಯತೊಡಗಿದೆ. ಬ್ಯಾಟರಿ ಮತ್ತು ಟ್ರ್ಯಾಕ್ಟರಿನ ಎಂಜಿನ್ ಶಕ್ತಿಯನ್ನು ಲೋಡರಿಗೆ ಸಾಗಿಸುವ, ತಿರುಗುವ ಪಿ.ಟಿ.ಒ. ಶಾಫ್ಟ್ ಮೊದಲೇ ಹೊಳೆದವು. ಮೇಲೆತ್ತಿದ ಬೂಮಿನ ತೂಕ, ಸಿಲಿಂಡರಿನಲ್ಲಿ ಸಿಕ್ಕ ಎಣ್ಣೆ, ಬಿಸಿ ಎಣ್ಣೆ, ವಿಂಚಿನ ಉಕ್ಕಿನ ಹಗ್ಗದ ಬಿಗಿತ, ಟ್ರೈಲರಿನ ಮೇಲೆ ಉರುಳಲು ಕಾದಿರುವ ದಿಮ್ಮಿಗಳು ಆಮೇಲೆ ಸೇರಿದವು. ದಿಮ್ಮಿಯ ಮೇಲಿನ ಹಿಡಿತ ಸಡಿಲವಾಗದಂತೆ ಬೂಮಿನ ತುದಿಯ ಇಕ್ಕಳದ ಬಳಿ ಪುಟ್ಟ ಅಕ್ಯುಮ್ಯುಲೇಟರ್, ಅಂದರೆ ಎಣ್ಣೆಯನ್ನು ಒತ್ತಡದಲ್ಲಿ ಕೂಡಿಡುವ ಪಾತ್ರೆ, ಇರುವುದು ಕೊನೆಗೆ ಗಮನಕ್ಕೆ ಬಂತು. ಅದರ ಎಣ್ಣೆಯನ್ನೆಲ್ಲ ಹೊರಬಿಟ್ಟರೂ ಪೊರೆಯ ಆಚೆ ಬದಿಯಲ್ಲಿ ಸಾರಜನಕ ಒತ್ತಡದಲ್ಲೇ ಇರುತ್ತದೆ, ಆದ್ದರಿಂದ ಅದನ್ನು ಬಿಚ್ಚುವ ಯೋಚನೆಯನ್ನೇ ಕೈಬಿಟ್ಟೆ.

ಎರಡನೆಯ ವಾರ

ಅಮೆರಿಕದಲ್ಲಿ ಕೆಲಸಗಾರರ ಸುರಕ್ಷತೆ ನೋಡಿಕೊಳ್ಳುವ ಓಶಾ ಸಂಸ್ಥೆ 1989ರಲ್ಲಿ ಹೊರಡಿಸಿದ 1910.147 ಎಂಬ ಲಾಕೌಟ್-ಟ್ಯಾಗೌಟ್ (ದುರಸ್ತಿಗೆ ಮೊದಲು ಯಂತ್ರಕ್ಕೆ ಬೀಗ ಹಾಕಿ ಚೀಟಿ ತೂಗಿಸುವ) ನಿಯಮವನ್ನೂ, ಮರ ಕಡಿದು ಸಾಗಿಸುವ ಕೆಲಸಕ್ಕೆಂದೇ ಇರುವ 1910.266 ನಿಯಮವನ್ನೂ ಓದಿದೆ. ಚಾಲಕ ತನ್ನ ಜಾಗ ಬಿಡುವ ಮೊದಲು ಚಲಿಸುವ ಭಾಗಗಳನ್ನು ನೆಲಕ್ಕಿಳಿಸಬೇಕು ಅಥವಾ ಬೇರೆ ರೀತಿಯಲ್ಲಿ ಭದ್ರಪಡಿಸಬೇಕು, ಎಂಜಿನ್ ನಿಂತ ಮೇಲೂ ಆ ಭಾಗಗಳನ್ನು ಚಲಿಸಬಲ್ಲ ಒತ್ತಡ ಉಳಿದಿದ್ದರೆ ತಯಾರಕರು ಹೇಳಿದ ಕ್ರಮದಲ್ಲಿ ಅದನ್ನು ಹೊರಬಿಡಬೇಕು ಎನ್ನುತ್ತದೆ ಎರಡನೆಯದು. ಹವ್ಯಾಸಕ್ಕೆ ದುರಸ್ತಿ ಮಾಡುವವನನ್ನು ಯಾವ ನಿಯಮವೂ ಬಂದು ಹಿಡಿಯುವುದಿಲ್ಲ, ಆದರೆ ಬೂಮಿಗೆ ಅದರ ಕೆಳಗಿರುವವನು ನೌಕರನೋ ಹವ್ಯಾಸಿಯೋ ಎಂಬ ಭೇದ ತಿಳಿಯದು.

ಬ್ಯಾಟರಿಯ ವಿಚಾರದಲ್ಲಿ ಸಣ್ಣ ಪೆಚ್ಚು ಅನುಭವವೂ ಆಯಿತು. ಯಂತ್ರದಲ್ಲಿ ಮೊದಲೇ ಇದ್ದ, ಬ್ಯಾಟರಿಯ ಸಂಪರ್ಕ ಕಡಿಯುವ ಕೆಂಪು ಹಿಡಿಯ ಸ್ವಿಚ್ಚಿನ (ಐಸೊಲೇಟರಿನ) ಕೀಲಿಯನ್ನು ತೆಗೆದು ಕಿಸೆಯಲ್ಲಿಟ್ಟುಕೊಂಡರೆ ಬೀಗ ಹಾಕಿದಂತೆಯೇ ಎಂದು ನಂಬಿದ್ದೆ. ಗೆಳೆಯನೊಬ್ಬ ತನ್ನ ಯಂತ್ರದ ಅಂಥದ್ದೇ ಕೆಂಪು ಕೀಲಿಯನ್ನು ತಂದು ನನ್ನದಕ್ಕೆ ತೂರಿಸಿ ತಿರುಗಿಸಿದ, ಸಂಪರ್ಕ ಬಂದೇ ಬಿಟ್ಟಿತು. ಈಗ ಬೀಗ ತೂರಿಸಲು ರಂಧ್ರವಿರುವ ಐಸೊಲೇಟರನ್ನು ಹಾಕಿದ್ದೇನೆ. ಬೀಗಕ್ಕೆ ಒಂದೇ ಕೀಲಿ, ಅದು ಕೆಲಸ ಮುಗಿಯುವವರೆಗೆ ನನ್ನ ಬಳಿಯೇ ಇರುತ್ತದೆ. ಗೆಳೆಯ ಕೈಜೋಡಿಸುವ ದಿನ ಅವನ ಬೀಗವೂ ಪಕ್ಕದಲ್ಲಿ ಬೀಳುತ್ತದೆ, ಅದನ್ನು ಅವನೇ ತೆಗೆಯಬೇಕು. ಬೀಗದೊಂದಿಗೆ ತೂಗುವ ಚೀಟಿಯಲ್ಲಿ ಹೆಸರು, ದಿನಾಂಕ, ಏಕೆ ನಿಲ್ಲಿಸಿದೆ ಎಂಬ ಮೂರೇ ಸಂಗತಿಗಳಿರುತ್ತವೆ.

ಮೂರನೆಯ ವಾರ

ಸಿಲಿಂಡರ್ ಮತ್ತು ಕವಾಟದ ನಡುವಿನ ಪರೀಕ್ಷಾ ತೂತಿಗೆ ಒತ್ತಡಮಾಪಕವನ್ನು ಜೋಡಿಸಿದೆ. ಈ ತೂತು ಯಂತ್ರದಲ್ಲಿ ಮೊದಲೇ ಇದ್ದದ್ದು ನನ್ನ ಪುಣ್ಯ. ಇಕ್ಕಳವೂ ಬೂಮಿನ ಹೊರಭಾಗವೂ ಸೇರಿ ಸುಮಾರು 300 ಕಿಲೋ ಇರಬಹುದು. ಕೀಲಿನಿಂದ ಆ ತೂಕದ ಕೇಂದ್ರಕ್ಕಿರುವ ದೂರ, ಕೀಲಿನಿಂದ ಸಿಲಿಂಡರಿಗಿರುವ ದೂರದ ಎಂಟು ಪಟ್ಟು ಇರುವುದರಿಂದ ಸಿಲಿಂಡರಿನ ಮೇಲೆ ಬೀಳುವ ಭಾರ ಸುಮಾರು 2,400 ಕಿಲೋ. ಪಿಸ್ಟನ್ನಿನ ವ್ಯಾಸ 80 ಮಿಲಿಮೀಟರ್, ಅಂದರೆ ಅದರ ವಿಸ್ತೀರ್ಣ ಸರಿಸುಮಾರು 50 ಚದರ ಸೆಂಟಿಮೀಟರ್. ಕಾಗದದ ಮೇಲೆ 47 ಬಾರ್ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲಿನ ಗಾಳಿಯ ಒತ್ತಡದಷ್ಟು) ಬಂತು. ಎಂಜಿನ್ ಆರಿ ಅರ್ಧ ಗಂಟೆಯಾದ ಮೇಲೆ ಮಾಪಕದ ಮುಳ್ಳು 46ರಲ್ಲಿ ನಿಂತಿತ್ತು.

ಸುಮಾರು 7 ಬಾರ್ ಒತ್ತಡದ ಎಣ್ಣೆಯ ಸೂಜಿಧಾರೆಯೂ ಚರ್ಮವನ್ನು ಭೇದಿಸಬಲ್ಲದು. ಗಾಯ ಮುಳ್ಳು ಚುಚ್ಚಿದಷ್ಟೇ ಕಾಣುತ್ತದೆ, ಆರಂಭದಲ್ಲಿ ನೋವೂ ಹೆಚ್ಚಿರುವುದಿಲ್ಲ, ಆದರೆ ಒಳಗೆ ಹೊಕ್ಕ ಎಣ್ಣೆಯನ್ನು ಶಸ್ತ್ರಚಿಕಿತ್ಸೆಯಿಂದಲೇ ಬೇಗನೆ ತೆಗೆಯದಿದ್ದರೆ ಬೆರಳನ್ನೇ ಕಳೆದುಕೊಳ್ಳಬೇಕಾಗಬಹುದು. ಅಂದಿನಿಂದ ಸೋರಿಕೆ ಹುಡುಕಲು ಕೈ ಸವರುವ ಹಳೆಯ ಚಾಳಿಯನ್ನು ಬಿಟ್ಟು ಉದ್ದನೆಯ ರಟ್ಟಿನ ತುಂಡನ್ನು ಹಿಡಿಯುತ್ತಿದ್ದೇನೆ.

ನಾಲ್ಕನೆಯ ವಾರ

ಬೂಮನ್ನು ಪೂರ್ತಿ ನೆಲಕ್ಕಿಳಿಸಿದರೆ ಸಿಲಿಂಡರಿನ ಮೇಲಿನ ಪಿನ್ನು ಕಂಬದ ಹಿಂದೆ ಮರೆಯಾಗುವುದರಿಂದ ಅದನ್ನು ಅರ್ಧ ಎತ್ತರದಲ್ಲೇ ನಿಲ್ಲಿಸುವುದು ಅನಿವಾರ್ಯವಾಗಿತ್ತು. ಗಟ್ಟಿ ಮರದ ಚೌಕದ ತುಂಡುಗಳನ್ನು ಅಡ್ಡಡ್ಡ ಪೇರಿಸಿ ಅಟ್ಟಣೆ ಕಟ್ಟಿದೆ. ಕಾಂಕ್ರೀಟ್ ಬ್ಲಾಕುಗಳು ಕೈಗೆ ಸಿಗುವಂತಿದ್ದವು, ಆದರೆ ಭಾರ ಒಂದೇ ಬಿಂದುವಿನಲ್ಲಿ ಬಿದ್ದರೆ ಅವು ಮುನ್ಸೂಚನೆಯಿಲ್ಲದೆ ಪುಡಿಯಾಗುತ್ತವೆ, ಮರವಾದರೆ ಮೊದಲು ನರಳುತ್ತದೆ. ಎಂಜಿನ್ ಚಾಲೂ ಇರುವಾಗಲೇ ಬೂಮನ್ನು ಮೆಲ್ಲಗೆ ಅಟ್ಟಣೆಯ ಮೇಲೆ ಕೂರಿಸಿ, ಆಮೇಲೆ ಆರಿಸಿ, ಬೀಗ ಹಾಕಿ, ಎಲ್ಲ ಲಿವರುಗಳನ್ನೂ ಎರಡೂ ದಿಕ್ಕಿಗೆ ಆಡಿಸಿದೆ.

ಮುಳ್ಳು 46ರಿಂದ 9ಕ್ಕಿಳಿದು ಅಲ್ಲೇ ನಿಂತಿತು. ಭಾರವೆಲ್ಲ ಮರದ ಮೇಲಿದೆ, ಎಂಜಿನ್ ತಣ್ಣಗಾಗಿದೆ, ಬೀಗವೂ ಬಿದ್ದಿದೆ, ಆದರೂ 9 ಬಾರ್ ಉಳಿದಿತ್ತು. ಮಾಪಕವಿಲ್ಲದೆ ಇದ್ದಿದ್ದರೆ ನಾನು ನಟ್ಟು ಸಡಿಲಿಸುತ್ತಿದ್ದುದು ಈ ಹೊತ್ತಿನಲ್ಲೇ. ಕೈಪಿಡಿಯಲ್ಲಿ ಹೇಳಿದಂತೆ ಕವಾಟದ ಬಿಡುಗಡೆ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದಾಗ ಎಣ್ಣೆ ಟ್ಯಾಂಕಿಗೆ ಹರಿದ ಸಣ್ಣ ಸದ್ದು ಕೇಳಿಸಿತು. ಮುಳ್ಳು ಸೊನ್ನೆಗೆ ಬಂತು. ಅಟ್ಟಣೆಯ ಮರ ಒಮ್ಮೆ ಕಿರುಗುಟ್ಟಿ ಸುಮ್ಮನಾಯಿತು. ಕೊನೆಗೆ ಸ್ಟಾರ್ಟರಿನ ಕೀಲಿ ತಿರುಗಿಸಿ ಎಂಜಿನ್ ನಿಜಕ್ಕೂ ಏಳುವುದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಮೊದಲ ನಟ್ಟಿಗೆ ಕೈ ಹಾಕಿದ್ದು.

ಐದನೆಯ ವಾರ

ಸೀಲುಗಳ ಕೆಲಸ ಒಂದು ಮಧ್ಯಾಹ್ನದಲ್ಲಿ ಮುಗಿಯಿತು, ಅದರಲ್ಲಿ ಹೇಳುವಂಥದ್ದೇನೂ ಇಲ್ಲ. ನಾಲ್ಕು ಹೋಸುಗಳಲ್ಲಿ ಮೂರು ಹೊಸದಾಗಿವೆ. ಇಕ್ಕಳಕ್ಕೆ ಹೋಗುವ ನಾಲ್ಕನೆಯದನ್ನು ಮುಟ್ಟಿಲ್ಲ, ಏಕೆಂದರೆ ಅಕ್ಯುಮ್ಯುಲೇಟರಿನ ಎಣ್ಣೆಯನ್ನು ಹೊರಬಿಡುವ ಸಣ್ಣ ಕವಾಟ ತುಕ್ಕು ಹಿಡಿದು ತಿರುಗುತ್ತಿಲ್ಲ. ಅದನ್ನು ಬಲವಂತವಾಗಿ ತಿರುಗಿಸುವುದಿಲ್ಲ, ಅಂಥ ಒತ್ತಡದ ಪಾತ್ರೆಗಳನ್ನು ದುರಸ್ತಿ ಮಾಡುವವರಿಗೇ ತೋರಿಸುತ್ತೇನೆ. ಅಲ್ಲಿಯವರೆಗೆ ಬೀಗ ಐಸೊಲೇಟರಿನ ಮೇಲೆಯೇ ಇರುತ್ತದೆ. ಚೀಟಿಯಲ್ಲಿ ಕಾರಣದ ಸಾಲನ್ನು ಮಾತ್ರ ಬದಲಾಯಿಸಿದ್ದೇನೆ.